ಬಿಳಿ ಬಿಟ್ಟ ಜಾಗ ನಮ್ಮದು

ನಕಾಶೆ ಸುಳ್ಳು ಹೇಳೂದಿಲ್ಲ ಅಂತ ನಂಬಿದವರು ಬಹಳ ಮಂದಿ ಇದ್ದಾರೆ. ತಹಸೀಲ್ದಾರ ನಂಬುತ್ತಾನೆ, ಕೋರ್ಟು ನಂಬುತ್ತದೆ, ಪದವಿ ಪಡೆದ ನಮ್ಮ ಹುಡುಗರೂ ನಂಬುತ್ತಾರೆ. ಪುರಾಣ ಸುಳ್ಳು, ಶಾಸ್ತ್ರ ಸುಳ್ಳು, ಸರ್ವೆ ನಕಾಶೆ ಮಾತ್ರ ವಿಜ್ಞಾನ ಎಂದು ವಾದ ಹೂಡುವ ಪ್ರಗತಿಪರರೂ ಇದ್ದಾರೆ. ಈ ನಂಬಿಕೆಯ ಬುಡಕ್ಕೆ ಕೈ ಹಾಕದೆ ನಮ್ಮ ಭೂಮಿಯ ಪ್ರಶ್ನೆ ಬಗೆಹರಿಯುವುದಿಲ್ಲ. ನಕಾಶೆಯ ಗೆರೆ ಸುಳ್ಳಿರಲಿಕ್ಕಿಲ್ಲ. ಆದರ ಯಾವುದಕ್ಕ ಗೆರೆ ಎಳೀಬೇಕು, ಯಾವುದನ್ನ ಖಾಲಿ ಬಿಡಬೇಕು ಅನ್ನೋದು ಯಾರ ಕೈಯಾಗಿತ್ತು? ನಮ್ಮ ಪ್ರಶ್ನೆ ಇದು.

ಮಾದನಹಿಪ್ಪರಗಾ ಸೀಮೆಯನ್ನೇ ತಗೊಳ್ರಿ. ಆಳಂದ ತಾಲೂಕು. ಪಡುವಲಕ್ಕೆ ಅಕ್ಕಲಕೋಟ, ತೆಂಕಲಕ್ಕೆ ಅಫಜಲಪುರ, ಮುಂದೆ ಭೀಮಾ ಹೊಳಿ. ಎಲ್ಲಿ ಅಗೆದರೂ ಕರಿಕಲ್ಲು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲ ಬಿರಿದು, ಒಳಗಿನ ಬೆಂಕಿರಸ ಹೊರಗೆ ಹರಿದು, ಪದರಿನ ಮೇಲೆ ಪದರಾಗಿ ಹೆಪ್ಪುಗಟ್ಟಿದ ಕಲ್ಲು ಇದು. ದಖನ್ನಿನ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ ಇವತ್ತಿಗೂ ಈ ಕಲ್ಲಿನ ಹೊದಿಕೆಯ ಕೆಳಗಿದೆ. ಭೂಗರ್ಭ ಶಾಸ್ತ್ರದವರು ಇದಕ್ಕೆ ಡೆಕ್ಕನ್ ಟ್ರ್ಯಾಪ್ ಎಂದು ಹೆಸರಿಟ್ಟಿದ್ದಾರೆ. ಸ್ವೀಡನ್ ದೇಶದ ಮಾತಿನಲ್ಲಿ ಮೆಟ್ಟಿಲಿಗೆ ಇರುವ ಶಬ್ದದಿಂದ ಬಂದ ಹೆಸರು ಅದು. ಗುಡ್ಡದ ನೆತ್ತಿ ಚಪ್ಪಟೆ, ಮಗ್ಗಲು ಮೆಟ್ಟಿಲು ಮೆಟ್ಟಿಲು. ಬೆಂಕಿರಸ ಹರಿಯುವಾಗ ಊರು ಯಾವುದು, ಕೇರಿ ಯಾವುದು ಎಂದು ಕೇಳಲಿಲ್ಲ. ಆ ಮೆಟ್ಟಿಲನ್ನು ಜಾತಿಯ ಮೆಟ್ಟಿಲು ಮಾಡಿದವರು ಬಹಳ ತಡವಾಗಿ ಬಂದರು.

ಹೆಂಗ ಮಾಡಿದರು? ಕಲ್ಲು ಕರಗಿ ಮಣ್ಣಾಗುತ್ತದೆ. ಮಳೆ ಆ ಮಣ್ಣನ್ನು ಮೇಲಿನಿಂದ ಕೆಳಕ್ಕೆ ತಳ್ಳುತ್ತದೆ. ತಗ್ಗಿನಲ್ಲಿ ಆಳುದ್ದ ಕರಿ ಎರಿ ಕೂಡುತ್ತದೆ. ಮೇಲಿನ ಮಡ್ಡಿಯಲ್ಲಿ ಗೇಣುದ್ದ ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಬಂಡಿ. ತಗ್ಗಿನ ಎರಿ ಜೋಳ ಕೊಡುತ್ತದೆ, ತೊಗರಿ ಕೊಡುತ್ತದೆ, ಹಸಿ ಹಿಡಿದು ಇಟ್ಟುಕೊಳ್ಳುತ್ತದೆ. ಮಡ್ಡಿಗೆ ಬಿದ್ದ ನೀರು ನಿಲ್ಲುವುದಿಲ್ಲ. ಈಗ ಹೇಳ್ರಿ, ಎರಿ ಯಾರ ಹೆಸರಿಗೆ ಅದ? ಮಡ್ಡಿ ಯಾರ ಪಾಲಿಗೆ ಬಂದದ? ಪಾಟೀಲ, ಕುಲಕರ್ಣಿ, ದೇಶಮುಖರ ಹೊಲ ತಗ್ಗಿನಲ್ಲಿ. ಸರಕಾರ ಪುಣ್ಯ ಕಟ್ಟಿಕೊಂಡು ದಲಿತರಿಗೆ ಮಂಜೂರು ಮಾಡಿದ ಎರಡು ಎಕರೆ, ಮೂರು ಎಕರೆ ಮಡ್ಡಿಯಲ್ಲಿ. ಇದನ್ನು ಹಣೆಬರಹ ಎಂದು ಸ್ವಾಮಿಗಳು ಹೇಳಿದರು. ಮಣ್ಣಿನ ಗುಣ ಎಂದು ಕೃಷಿ ಇಲಾಖೆ ಹೇಳಿತು. ಇಬ್ಬರೂ ಒಂದೇ ಮಾತು ಹೇಳಿದರು.

2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಪಟ್ಟ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಸಂತೋಷ. ಬೇಳೆ ಯಾವ ಮಣ್ಣಿನದು ಎಂದು ಲೋಕಕ್ಕೆಲ್ಲ ಗೊತ್ತಾಗಬೇಕು. ಆದರೆ ಆ ತೊಗರಿ ಕೊಯ್ದು, ಬಡಿದು, ರಾಶಿ ಮಾಡಿದ ಹೆಣ್ಣುಮಕ್ಕಳು ಯಾವ ಕೇರಿಯವರು, ಅವರ ಕಾಲ ಕೆಳಗೆ ಸ್ವಂತದ ಒಂದು ಗುಂಟೆ ಅದನೋ ಇಲ್ಲೋ, ಅದಕ್ಕೆ ಯಾವ ಪಟ್ಟ ಕೊಟ್ಟಿರಿ?

ಈಗ ನಕಾಶೆಗೆ ಬರೋಣ. ಭಾರತೀಯ ಸರ್ವೇಕ್ಷಣಾ ಇಲಾಖೆ 1767ರಲ್ಲಿ ಕಂಪನಿ ಸರಕಾರ ಹುಟ್ಟಿಸಿದ ಕೂಸು. ಲ್ಯಾಂಬ್ಟನ್ ಎಂಬ ದೊರೆ 1802ರಲ್ಲಿ ಮದ್ರಾಸಿನಲ್ಲಿ ಸರಪಳಿ ಹಾಸಿ ಆಧಾರರೇಖೆ ಅಳೆದ. ಅಲ್ಲಿಂದ ಶುರುವಾದ ತ್ರಿಕೋನಗಳ ಸಾಲು ನಿಜಾಮನ ಸೀಮೆಯನ್ನು ಹಾಯ್ದು ಹಿಮಾಲಯದ ತನಕ ಹೋಯಿತು. ಅವನ ತರುವಾಯ ಎವರೆಸ್ಟ್ ಬಂದ. 1841ರಲ್ಲಿ ನಮ್ಮ ನೆರೆಯ ಬೀದರದ ಹತ್ತಿರ ಮತ್ತೊಂದು ಆಧಾರರೇಖೆ ಅಳೆದರು. ಬೆಂಕಿಕಲ್ಲಿನ ಈ ಗುಡ್ಡಗಾಡು ಕಾಗದಕ್ಕೆ ಇಳಿದದ್ದು ಹೀಗೆ. 1865ರಲ್ಲಿ ಲೋಕದ ಅತಿ ಎತ್ತರದ ಶಿಖರಕ್ಕೆ ಎವರೆಸ್ಟ್‌ನ ಹೆಸರಿಟ್ಟರು.

ಆ ಅರ್ಧ ಟನ್ ತೂಕದ ಥಿಯೋಡೊಲೈಟ್ ಯಂತ್ರವನ್ನು ಗುಡ್ಡದ ನೆತ್ತಿಗೆ ಹೊತ್ತವರು ಯಾರು? ಸರಪಳಿ ಎಳೆದವರು, ಬಾವುಟ ಹಿಡಿದು ಬಿಸಿಲಲ್ಲಿ ನಿಂತವರು, ಗಿಡಗಂಟಿ ಕಡಿದವರು ಯಾರು? ಖಲಾಸಿಗಳು. 1819ರಲ್ಲಿ ಕೃಷ್ಣಾ ಗೋದಾವರಿ ನಡುವಿನ ಅಡವಿಯಲ್ಲಿ ಎವರೆಸ್ಟ್‌ನ ದಂಡಿಗೆ ಜ್ವರ ಬಡಿಯಿತು. ಆಳುಗಳು ಸತ್ತರು. ದೊರೆ ಕಾಯಿಲೆ ಬಿದ್ದು ಹವಾ ಬದಲಾವಣೆಗೆ ಆಫ್ರಿಕದ ಕೇಪಿಗೆ ಹೋದ. ಸತ್ತ ಆಳುಗಳ ಹೆಸರಿನ ಗುಡ್ಡ ಯಾವ ನಕಾಶೆಯಲ್ಲಿದೆ? ಗುಡ್ಡ ಬ್ಯಾಡ, ಒಂದು ಹಳ್ಳಕ್ಕಾದರೂ ಅವರ ಹೆಸರು ಅದ ಏನು?

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಕಾಗದದ ನಕಾಶೆ ಬರುವ ಮೊದಲು ಊರಿನ ಎಲ್ಲೆ ಯಾರಿಗೆ ಗೊತ್ತಿತ್ತು? ಹೊಲೆಯನಿಗೆ ಗೊತ್ತಿತ್ತು. ಹಳೇ ಮೈಸೂರು ಸೀಮೆಯಲ್ಲಿ ಎರಡು ಊರಿಗೆ ಗಡಿ ತಕರಾರು ಬಿದ್ದರೆ ಹೊಲೆಯರ ಕುಳುವಾಡಿ ತಲೆಯ ಮೇಲೆ ಮಣ್ಣಿನ ಹೆಂಟೆ ಹೊತ್ತು ಎಲ್ಲೆಯ ಮೇಲೆ ನಡೆಯುತ್ತಿದ್ದ. ಅವನು ನಡೆದದ್ದೇ ಗಡಿ. 1870ರ ದಶಕದಲ್ಲಿ ಮೆಕೆಂಜಿ ಎಂಬ ಇಂಗ್ಲಿಷ್ ಅಧಿಕಾರಿ ಇದನ್ನು ಬರೆದಿಟ್ಟಿದ್ದಾನೆ. ನಮ್ಮ ಮಗ್ಗಲಿನ ಮರಾಠಿ ಸೀಮೆಯಲ್ಲಿ ಮಹಾರರಿಗೆ ಇದೇ ಕೆಲಸ ಇತ್ತು, ಗಡಿಯ ವ್ಯಾಜ್ಯದಲ್ಲಿ ಅವರ ಸಾಕ್ಷಿಯೇ ಕಡೆಯ ಸಾಕ್ಷಿ. ಊರೊಳಗೆ ಕಾಲಿಡಲು ಬಿಡದವರು ಊರಿನ ಎಲ್ಲೆ ಮಾತ್ರ ಅವನ ಕಾಲಿನಿಂದಲೇ ಗುರುತಿಸಿಕೊಂಡರು. ನೆಲದ ಅರಿವು ಅವನದು, ನೆಲ ಧಣಿಯದು.

ಸರ್ವೆ ಬಂತು. ಕಲ್ಲು ನೆಟ್ಟರು, ನಂಬರು ಕೊಟ್ಟರು, 33 ಅಡಿಗೆ 33 ಅಡಿ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂದು ಲೆಕ್ಕ ಕಟ್ಟಿದರು. ಕುಳುವಾಡಿಯ ಕಾಲಿಗೆ ಕೆಲಸ ಇಲ್ಲದಾಯಿತು. ಅವನ ತಲೆಯೊಳಗಿದ್ದ ನಕಾಶೆ ಪಟವಾರಿಯ ಬಸ್ತಾ ಸೇರಿತು. ಆ ಬಸ್ತಾ ಬಿಚ್ಚಿ ಓದುವ ಅಕ್ಷರ ನಮಗೆ ಕೊಡಲಿಲ್ಲ. ಗಡಿ ತೋರಿಸಿದವನಿಗೆ ಗಡಿಯೊಳಗೆ ಸರ್ವೆ ನಂಬರು ಸಿಗಲಿಲ್ಲ. ಜಗತ್ತಿನ ಯಾವ ಕಳ್ಳತನಕ್ಕೂ ಇಷ್ಟು ಅಚ್ಚುಕಟ್ಟಾದ ರಸೀದಿ ಇಲ್ಲ.

ಆಳಂದ ಸೀಮೆ ಸರ್ವೇಕ್ಷಣಾ ಇಲಾಖೆಯ 56ಸಿ ಹಾಳೆಯ ಗುಂಪಿಗೆ ಬರುತ್ತದೆ. ಇಂಥ ಹಾಳೆ ಬಿಡಿಸಿ ನೋಡುವುದನ್ನು ನಮ್ಮ ಹುಡುಗರು ಕಲಿಯಬೇಕು. ಕಂದು ಗೆರೆ ಎತ್ತರ ಹೇಳುತ್ತದೆ. ನೀಲಿ ನೀರು. ಹಸಿರು ಅಡವಿ. ಹಳದಿ ಸಾಗುವಳಿ. ಕೆಂಪು ದಾರಿ, ಮನೆ. ಏನೂ ಇಲ್ಲದ ಬಂಜರಿಗೆ ಬಣ್ಣ ಇಲ್ಲ, ಬಿಳಿ ಬಿಡುತ್ತಾರೆ. ಗುಡಿಗೆ ಗುರುತು ಅದ. ಮಸೂತಿಗೆ ಅದ, ಇಗರ್ಜಿಗೆ ಅದ, ಗೋರಿಗೆ ಅದ. ಪೊಲೀಸ್ ಠಾಣೆಗೆ ಎರಡು ಅಕ್ಷರ, ಸಾಹೇಬರು ಇಳಿಯುವ ಬಂಗ್ಲೆಗೆ ಎರಡು ಅಕ್ಷರ. ಬಾವಿಗೂ ಗುರುತು ಅದ, ಕಟ್ಟಿದ ಬಾವಿಗೆ ಬೇರೆ, ಕಟ್ಟದ ಬಾವಿಗೆ ಬೇರೆ. ಆದರೆ ಆ ಬಾವಿಯ ನೀರು ಯಾರಿಗೆ, ಯಾರು ಕೊಡ ಹಿಡಿದು ದೂರ ನಿಲ್ಲಬೇಕು ಅನ್ನೋದಕ್ಕ ಗುರುತಿಲ್ಲ. ಗುಡಿಯ ಬಾಗಿಲು ಯಾರಿಗೆ ತೆರೆದದ, ಯಾರಿಗೆ ಮುಚ್ಚ್ಯದ ಅನ್ನೋದಕ್ಕ ಗುರುತಿಲ್ಲ. ಊರು ಎಲ್ಲಿ ಮುಗಿದು ಕೇರಿ ಎಲ್ಲಿ ಶುರುವಾಗುತ್ತದೆ ಎಂದು ಮೂರು ವರ್ಷದ ಕೂಸಿಗೆ ಗೊತ್ತು. ಗುಡ್ಡದ ಎತ್ತರ ಇಷ್ಟೇ ಮೀಟರ್ ಎಂದು ಹೇಳಬಲ್ಲ ಸರ್ವೇಕ್ಷಣಾ ಇಲಾಖೆಗೆ ಈ ಗೆರೆ ಕಾಣಲಿಲ್ಲ.

ಎರಡು ರಾಜ್ಯಗಳ ನಡುವಿನ ಗೆರೆ ಮಾತ್ರ ಎಲ್ಲರಿಗೂ ಕಾಣುತ್ತದೆ. 1966ರಲ್ಲಿ ಮಹಾಜನ ಆಯೋಗ ಕೂಡಿಸಿದರು, 1967ರಲ್ಲಿ ವರದಿ ಬಂತು, ಅಕ್ಕಲಕೋಟ ಕರ್ನಾಟಕಕ್ಕೆ ಬರಬೇಕು ಅಂತ ಬರೆದರು. ಇವತ್ತಿಗೂ ಆ ಮಾತು ಎದ್ದರೆ ಬಸ್ಸಿಗೆ ಕಲ್ಲು ಬೀಳುತ್ತವೆ. ಆಚೆಯ ಮಹಾರವಾಡ, ಈಚೆಯ ಹೊಲಗೇರಿ ಎರಡೂ ಊರ ಹೊರಗೇ ಅವ. ಊರಿಗೂ ಕೇರಿಗೂ ನಡುವಿನ ಗಡಿ ತೆಗೆಯಲಿಕ್ಕೆ ಯಾವ ಆಯೋಗ ಕೂಡಿಸಿದಿರಿ ಸ್ವಾಮಿ? ನಮ್ಮ ಸೀಮೆಗೆ ನಿಜಾಮ್ ಕರ್ನಾಟಕ ಅಂದರು, ಹೈದರಾಬಾದ್ ಕರ್ನಾಟಕ ಅಂದರು, 2019ರಲ್ಲಿ ಕಲ್ಯಾಣ ಕರ್ನಾಟಕ ಅಂದರು. ಹೆಸರು ಮೂರು ಸಲ ತಿದ್ದಿದ ಕೈಗೆ ಆ ಗೆರೆ ಅಳಿಸಲು ರಬ್ಬರು ಸಿಗಲಿಲ್ಲ.

ಇದೆಲ್ಲ ಹಳೇ ಕಾಗದದ ಜಗಳ, ಈಗ ಯಾಕೆ ಎಂದು ಕೇಳುವವರಿದ್ದಾರೆ. ಅವರಿಗೆ ಆ ಬಿಳಿ ಜಾಗದ ಕತೆ ಹೇಳಬೇಕು.

ಬಿಳಿ ಬಿಟ್ಟ ಜಾಗಕ್ಕೆ ಕಂದಾಯ ಇಲಾಖೆಯಲ್ಲಿ ಹೆಸರು ಬಹಳ. ಬಂಜರು, ಪಡಾ, ಗಾಯರಾಣ, ಖಾರಿಜ್ ಖಾತಾ. ಯಾರದೂ ಅಲ್ಲದ ಜಾಗ ಎಂದು ಅರ್ಥ. ಖರೇವಾಗಿ ಅಲ್ಲಿ ಯಾರಿದ್ದರು? ಆಡು ಕಾಯುವ ನಮ್ಮ ಮಕ್ಕಳಿದ್ದರು. ಕುಳ್ಳು ಆರಿಸುವ, ಕಟ್ಟಿಗೆ ತರುವ ನಮ್ಮ ಅವ್ವಂದಿರಿದ್ದರು. ಕಲ್ಲು ಒಡೆಯುವ ವಡ್ಡರಿದ್ದರು, ತಾಂಡಾದ ಲಂಬಾಣಿಗಳಿದ್ದರು. ಸತ್ತ ದನ ಎಳೆದೊಯ್ದದ್ದು ಅಲ್ಲಿಗೆ, ನಮ್ಮ ಹೆಣ ಹೂಳಿದ್ದೂ ಅಲ್ಲಿಯೇ. ಮಡ್ಡಿಯ ಕಲ್ಲು ಆರಿಸಿ, ಒಡ್ಡು ಹಾಕಿ, ಸಜ್ಜಿ, ಹೆಸರು ಬೆಳೆದವರೂ ಇದ್ದರು. ಬದುಕಿದವರೂ ಸತ್ತವರೂ ಇರುವ ಜಾಗವನ್ನು ನಿರ್ಜನ ಎಂದು ಬರೆಯಲು ಎಂಥ ಕಣ್ಣು ಬೇಕು?

ಈ ಕಣ್ಣು ನಮ್ಮ ದೇಶದ್ದಷ್ಟೇ ಅಲ್ಲ. ಅಮೆರಿಕದ ಯೆಲ್ಲೋಸ್ಟೋನ್ ಎಂಬ ಜ್ವಾಲಾಮುಖಿ ಸೀಮೆಯನ್ನು 1871ರಲ್ಲಿ ಹೇಡನ್ ಎಂಬಾತ ಸರ್ವೆ ಮಾಡಿದ. ಮಾರನೇ ವರ್ಷವೇ ಅದನ್ನು ರಾಷ್ಟ್ರೀಯ ಉದ್ಯಾನ ಎಂದು ಸಾರಿದರು. ಮನುಷ್ಯ ಮುಟ್ಟದ ಅಡವಿ ಎಂದು ಹೊಗಳಿದರು. ಕಾಡುಕುರಿ ಬೇಟೆಯಾಡಿ ಅಲ್ಲಿ ಬದುಕಿದ್ದ ಶೋಶೋನಿ ಬುಡಕಟ್ಟಿನವರನ್ನು ಕೆಲವೇ ವರ್ಷಗಳಲ್ಲಿ ಹೊರಗೆ ಹಾಕಿದರು. ಮೊದಲು ನಕಾಶೆಯಲ್ಲಿ ಮನುಷ್ಯರನ್ನು ಅಳಿಸು, ಆಮೇಲೆ ನೆಲದಿಂದ ಅಳಿಸುವುದು ಸುಲಭ. ಬಿಳಿಯರು ಅಲ್ಲಿ ಮಾಡಿದ್ದನ್ನು ನಮ್ಮ ಮೇಲ್ಜಾತಿಗಳು ಇಲ್ಲಿ ಸರಪಳಿ ಬರುವ ಮೊದಲೇ ಮಾಡಿ ಮುಗಿಸಿದ್ದವು. ಬ್ರಿಟಿಷರ ನಕಾಶೆ ಬಂದು ಅದಕ್ಕೆ ಮೊಹರು ಒತ್ತಿತು.

ಈ ಮೊಹರಿನ ಕೆಲಸ ಇವತ್ತಿಗೂ ನಡೆದಿದೆ. 1966ರ ಭೂಕಂದಾಯ ನಿಯಮಗಳು ನೂರು ದನಕ್ಕೆ 12 ಹೆಕ್ಟೇರು ಗೋಮಾಳ ಇರಬೇಕು ಎಂದು ಲೆಕ್ಕ ಕಟ್ಟಿದವು. ದನಕ್ಕ ಲೆಕ್ಕ ಅದ. ನೂರು ಮಂದಿ ಭೂಹೀನರಿಗೆ ಎಷ್ಟು ಹೆಕ್ಟೇರು? ಆ ಲೆಕ್ಕ ಯಾವ ನಿಯಮದಲ್ಲೂ ಇಲ್ಲ. 1969ರ ಭೂಮಂಜೂರಾತಿ ನಿಯಮಗಳು ವಿಲೇವಾರಿಗೆ ಲಭ್ಯವಿರುವ ಜಮೀನಿನಲ್ಲಿ ಅರ್ಧ ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲು ಎಂದವು. ಕೇಳಲಿಕ್ಕೆ ಚಂದ ಅದ. ಕೀಲು ಇರುವುದು 'ಲಭ್ಯವಿರುವ' ಎಂಬ ಶಬ್ದದಲ್ಲಿ. ಎಷ್ಟು ಲಭ್ಯ ಅದ ಅಂತ ಹೇಳುವುದು ನಕಾಶೆ ಮತ್ತು ಪಹಣಿ. ಅವೆರಡೂ ಇರುವುದು ಕಚೇರಿಯ ಬೀಗದೊಳಗೆ. ಬಡವ ಅರ್ಜಿ ಹಾಕಿದರೆ ಅದು ಗೋಮಾಳ, ದನಕ್ಕೆ ಬೇಕು. ಧಣಿ ಉತ್ತರೆ ಅದು ಅವನ ಅಜ್ಜನ ಕಾಲದ ವಹಿವಾಟು. ಕಂಪನಿ ಬಂದು ಕೇಳಿದರೆ ಅದು ಬಂಜರು, ಬೇಕಾದಷ್ಟು ಲಭ್ಯ. ಒಂದೇ ನೆಲ, ಮೂರು ಹೆಸರು.

1991ರಲ್ಲಿ ಬಗರ್ ಹುಕುಂ ಸಕ್ರಮಕ್ಕೆ ನಮೂನೆ 50 ಬಂತು. ಆಮೇಲೆ ನಮೂನೆ 53. 2018ರಲ್ಲಿ ನಮೂನೆ 57. ನಮೂನೆ ಬದಲಾದವು, ಸಾಲಿನಲ್ಲಿ ನಿಂತವರು ಬದಲಾಗಲಿಲ್ಲ. ಅಪ್ಪ ಹಾಕಿದ ಅರ್ಜಿಯ ರಸೀದಿ ಹಿಡಿದು ಮಗ ನಿಂತಿದ್ದಾನೆ. ಮಂಜೂರಾದ ಜಮೀನು ಕೈಬಿಟ್ಟು ಹೋಗಬಾರದು ಎಂದು 1978ರಲ್ಲಿ ಪಿಟಿಸಿಎಲ್ ಕಾಯಿದೆ ಬಂತು. ತಡವಾಗಿ ಬಂದಿರಿ ಎಂಬ ನೆಪದಲ್ಲಿ ಕೋರ್ಟುಗಳಲ್ಲಿ ನಮ್ಮವರ ಅರ್ಜಿಗಳು ಬಿದ್ದು ಹೋದವು. 2023ರಲ್ಲಿ ಕಾಯಿದೆ ತಿದ್ದಿ ಆ ಕಾಲಮಿತಿಯ ತೊಡಕು ತೆಗೆದರು. ಅದಕ್ಕೂ ನಮ್ಮವರು ಬೀದಿಯಲ್ಲಿ ಕೂಡಬೇಕಾಯಿತು.

ಹೊಸ ಕಾಲದ ಸರಕಾರ ಹಳೇ ನಕಾಶೆಯನ್ನು ಬಿಸಾಕಲಿಲ್ಲ, ಆಕಾಶದಿಂದ ಮತ್ತೆ ಬರೆಯಿತು. ಉಪಗ್ರಹದ ಚಿತ್ರ ಇಟ್ಟುಕೊಂಡು 2000ದಿಂದ ಈಚೆಗೆ ದೇಶದ ಬಂಜರು ಭೂಮಿಯ ಅಟ್ಲಾಸ್ ಅಚ್ಚಾಗುತ್ತಿದೆ. 2019ರ ಅಟ್ಲಾಸ್ ಪ್ರಕಾರ ದೇಶದಲ್ಲಿ ಸುಮಾರು 5 ಕೋಟಿ 57 ಲಕ್ಷ ಹೆಕ್ಟೇರು ಬಂಜರು, ಅಂದರೆ ನೆಲದ ಶೇಕಡ 17ರ ಹತ್ತಿರ. ಅದರಲ್ಲಿ ಕುರುಚಲು ನೆಲ ಎಂಬ ವರ್ಗ ಅದ, ಕಲ್ಲುಬಂಡೆಯ ನೆಲ ಎಂಬ ವರ್ಗ ಅದ. ಹಳೇ ನಕಾಶೆಯ ಶಬ್ದಗಳೇ ಅವು. ದೊರೆಯ ದುರ್ಬೀನು ಹೋಗಿ ಉಪಗ್ರಹ ಬಂದದ, ಕಣ್ಣು ಅದೇ ಅದ. ಸೋಲಾರಿಗೆ, ಗಾಳಿ ವಿದ್ಯುತ್ತಿಗೆ ಜಾಗ ಹುಡುಕುವವರು ಮೊದಲು ನೋಡುವುದು ಇಂಥ ನೆಲವನ್ನೇ. ಆಡು ಕಾಯುವ ಹುಡುಗಿ ಉಪಗ್ರಹಕ್ಕೆ ಕಾಣುವುದಿಲ್ಲ.

2020ರಲ್ಲಿ ಸ್ವಾಮಿತ್ವ ಎಂಬ ಯೋಜನೆ ಬಂತು. ಊರ ಮೇಲೆ ಡ್ರೋನು ಹಾರಿಸಿ ಮನೆ ಮನೆ ಅಳೆದು ಹಕ್ಕಿನ ಕಾಗದ ಕೊಡುವುದು. ಕೊಡ್ರಿ, ಯಾರು ಬ್ಯಾಡಂದರು? ಆದರೆ ಗಾವಠಾಣದ ಗೆರೆಯ ಹೊರಗೆ, ಗಾಯರಾಣದಲ್ಲಿ ಗುಡಿಸಲು ಹಾಕಿಕೊಂಡವರಿಗೆ ಏನು ಕೊಡ್ತೀರಿ? ಆ ಗೆರೆ ಎಳೆಯುವಾಗ ಅವರನ್ನು ಹೊರಗೆ ಬಿಟ್ಟವರು ಯಾರು? 2023ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯನ್ನು ಕರೆಸಿ ಐದು ಜಿಲ್ಲೆಗಳ ತಾಂಡಾದ ಜನಕ್ಕೆ 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ಹಂಚಿದರು. ದಾನ ಕೊಟ್ಟಂತೆ ಹಂಚಿದರು. ತಲೆಮಾರುಗಳಿಂದ ಮಕ್ಕಳು ಹುಟ್ಟಿ, ಹಿರಿಯರು ಸತ್ತ ಆ ತಾಂಡಾಗಳು ಅಲ್ಲಿಯ ತನಕ ಕಂದಾಯ ಇಲಾಖೆಯ ಊರುಗಳೇ ಆಗಿರಲಿಲ್ಲ ಎಂಬುದನ್ನು ಆ ವೇದಿಕೆಯಲ್ಲಿ ನಾಚಿಕೆಯಿಂದ ಹೇಳಬೇಕಿತ್ತು.

ಹೆಣ ಹೂಳುವ ಜಾಗದ ಮಾತು ಬಿಡಲಿಕ್ಕಾಗುವುದಿಲ್ಲ. ಸ್ಮಶಾನ ಇಲ್ಲದ ಊರುಗಳಿಗೆ ಜಾಗ ಕೊಡಿ ಎಂದು ಹೈಕೋರ್ಟು 2019ರಲ್ಲಿ ಸರಕಾರಕ್ಕೆ ಆದೇಶ ಮಾಡಬೇಕಾಯಿತು. ನಾವು ನೂರಾರು ವರ್ಷ ಹೂಳಿದ ಜಾಗ ಇರಲಿಲ್ಲವೇ? ಇತ್ತು. ನಕಾಶೆಯಲ್ಲಿ ಇರಲಿಲ್ಲ. ನಕಾಶೆಯಲ್ಲಿ ಇಲ್ಲದ ಸ್ಮಶಾನದ ಮೇಲೆ ಯಾವ ದಿನ ಬೇಕಾದರೂ ಟ್ರ್ಯಾಕ್ಟರು ಹರಿಯುತ್ತದೆ.

ನಮ್ಮ ಒಳಗಿನ ಗೆಳೆಯರೇ ಎರಡು ಮಾತು ಕೇಳುತ್ತಾರೆ. ಅವಕ್ಕೆ ಉತ್ತರ ಕೊಡಬೇಕು.

ಒಂದು: ಹಳೇ ನಕಾಶೆಯನ್ನು ಇಷ್ಟು ಬೈಯಬ್ಯಾಡ್ರಿ, ಕೋರ್ಟಿನಲ್ಲಿ ನಮ್ಮ ಪರ ನಿಲ್ಲುವುದೂ ಅದೇ. ಗಾಯರಾಣ ಎಷ್ಟಿತ್ತು, ಧಣಿ ಎಷ್ಟು ನುಂಗಿದ, ಕೆರೆ ಎಲ್ಲಿತ್ತು, ಕಾಲುದಾರಿ ಎಲ್ಲಿ ಹಾಯ್ದಿತ್ತು ಎಂದು ಹೇಳಲು ಬೇರೆ ಸಾಕ್ಷಿ ಏನದ? ಈ ಮಾತು ಖರೆ. ಅದಕ್ಕೇ ನಾವು ನಕಾಶೆ ಸುಡ್ರಿ ಅನ್ನುತ್ತಿಲ್ಲ. ಕಳ್ಳ ಬರೆದ ಲೆಕ್ಕದ ಪುಸ್ತಕದಲ್ಲಿಯೂ ಕಳವಿನ ಲೆಕ್ಕ ಇರುತ್ತದೆ. ಅದನ್ನು ಓದಲು ಕಲಿಯಬೇಕು. ಆದರೆ ನೋಡ್ರಿ, 1950ರ ದಶಕದಲ್ಲಿ ಅಮೆರಿಕದ ಸೈನ್ಯ ಇಡೀ ಭಾರತದ ನಕಾಶೆ ಮಾಡಿಕೊಂಡಿತು. ಅವು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಯಾರು ಬೇಕಾದರೂ ನೋಡುವಂತೆ ಇವೆ. ನಮ್ಮ ಸರಕಾರ ಜನಕ್ಕೆಂದು ಬೇರೆ ನಕಾಶೆ, ಸೈನ್ಯಕ್ಕೆಂದು ಬೇರೆ ನಕಾಶೆ ಎಂದು ಮಾಡಿದ್ದು 2005ರಲ್ಲಿ. 50 ಸಾವಿರಕ್ಕೆ ಒಂದರ ಅಳತೆಯ ಹಾಳೆಗಳನ್ನು ಕಾಸಿಲ್ಲದೆ ಜನಕ್ಕೆ ಬಿಟ್ಟದ್ದು 2017ರಲ್ಲಿ, ಇಲಾಖೆಗೆ 250 ವರ್ಷ ತುಂಬಿದ ಮೇಲೆ. ಅದೂ ಕಂಪ್ಯೂಟರ್ ಇದ್ದವರಿಗೆ, ಇಂಗ್ಲಿಷ್ ಬಂದವರಿಗೆ.

ಎರಡು: ಕೇರಿಯನ್ನು ನಕಾಶೆಯಲ್ಲಿ ಬರೆದರೆ ಜಾತಿಯನ್ನು ಕಲ್ಲಿನಲ್ಲಿ ಕೆತ್ತಿದಂತೆ ಆಗುವುದಿಲ್ಲವೇ? ನಾಳೆ ಗಲಾಟೆಯಾದರೆ ಬೆಂಕಿ ಹಚ್ಚುವವರಿಗೆ ದಾರಿ ತೋರಿಸಿದಂತೆ ಆಗುವುದಿಲ್ಲವೇ? ಈ ಭಯ ಹಗುರದ್ದಲ್ಲ. ಆದರೆ ಬೆಂಕಿ ಹಚ್ಚುವವನಿಗೆ ನಕಾಶೆ ಬೇಕಿಲ್ಲ, ಅವನು ಅದೇ ಊರಿನವನು. ಕಂಬಾಲಪಲ್ಲಿಯಲ್ಲಿ 2000ದಲ್ಲಿ ಏಳು ಮಂದಿಯನ್ನು ಮನೆಯೊಳಗೆ ಸುಟ್ಟವರು ಯಾವ ಹಾಳೆ ನೋಡಿ ಬಂದಿದ್ದರು? ನಕಾಶೆ ಬೇಕಾಗಿರುವುದು ನೀರಿನ ಪೈಪು ಹಾಕುವವನಿಗೆ, ರಸ್ತೆ ಮಾಡುವವನಿಗೆ, ಹಕ್ಕುಪತ್ರ ಬರೆಯುವವನಿಗೆ. ಅವನು ನಮಗೆ ಕಾಣಲಿಲ್ಲ ಅನ್ನುತ್ತಾನೆ. ನಾವು ಕೇಳುವುದು ಜಾತಿಯ ಹೆಸರಿನ ಫಲಕ ಅಲ್ಲ. ನಮ್ಮ ಬಾವಿ, ನಮ್ಮ ದಾರಿ, ನಮ್ಮ ಸಮಾಧಿ, ನಾವು ಉತ್ತ ತುಂಡು, ಇವುಗಳಿಗೆ ಗೆರೆ ಮತ್ತು ನಂಬರು.

ಇದು ಇವತ್ತಿನ ಬೇಡಿಕೆ ಅಲ್ಲ. 1942ರ ಜುಲೈನಲ್ಲಿ ನಾಗಪುರದ ಸಮ್ಮೇಳನದಲ್ಲಿ ಬಾಬಾಸಾಹೇಬರ ಮುಂದಾಳುತನದಲ್ಲಿ ದಲಿತರು ಸರಕಾರದ ಪಡಾ ಭೂಮಿಯಲ್ಲಿ ತಮಗೆ ಪ್ರತ್ಯೇಕ ಊರು ಬೇಕು ಎಂದು ಠರಾವು ಮಾಡಿದರು. 1947ರಲ್ಲಿ ಸಂವಿಧಾನ ಸಭೆಗೆಂದು ಬಾಬಾಸಾಹೇಬರು ಬರೆದುಕೊಟ್ಟ ಮನವಿಯಲ್ಲಿ ಅದೇ ಬೇಡಿಕೆ ಇತ್ತು. ಯಾರದೂ ಅಲ್ಲ ಎಂದು ಸರಕಾರ ಬರೆದುಕೊಂಡ ನೆಲವೇ ನಮ್ಮ ಬಿಡುಗಡೆಯ ನೆಲ ಎಂದು ಅವರು ಕಂಡಿದ್ದರು. 1968ರಲ್ಲಿ ಇದೇ ಗುಲಬರ್ಗಾದಲ್ಲಿ ಬಿ. ಶ್ಯಾಮಸುಂದರ್ ಭೀಮಸೇನೆ ಕಟ್ಟಿದರು. ಕೈಕಟ್ಟಿ ನಿಲ್ಲಬಾರದು ಎಂಬ ಮಾತು ಈ ಕರಿಕಲ್ಲಿನ ಸೀಮೆಗೆ ಹೊಸದಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದಾಗಿ, ಪ್ರತಿ ಪಂಚಾಯತಿಯ ಗೋಡೆಗೆ ಊರಿನ ಹಳೇ ಗ್ರಾಮ ನಕಾಶೆ, ಸರ್ವೇಕ್ಷಣಾ ಹಾಳೆ, ಬಂಜರು ಅಟ್ಲಾಸಿನ ಪುಟ ಮೂರನ್ನೂ ಕನ್ನಡದಲ್ಲಿ ಬರೆದು ತೂಗುಹಾಕಬೇಕು. ಎರಡನೆಯದು, ಕೇರಿಯ ಹುಡುಗರು, ಅವರಿಗಿಂತ ಹೆಚ್ಚಾಗಿ ಅಜ್ಜಿಯರು, ಎಲ್ಲೆಯ ಮೇಲೆ ಮತ್ತೆ ನಡೆಯಬೇಕು. ಸರಕಾರದ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿ ಅದ, ನಿಂತ ಜಾಗದ ಸರ್ವೆ ನಂಬರು ಅದು ಹೇಳುತ್ತದೆ. ಯಾವ ನಂಬರಿನಲ್ಲಿ ಯಾರು ಯಾವ ವರ್ಷದಿಂದ ಉತ್ತಿದ್ದಾರೆ, ಹೆಣ ಎಲ್ಲಿ ಹೂತದ, ದಾರಿ ಎಲ್ಲಿ ಹಾಯ್ದದ, ಎಲ್ಲ ಬರೆದು ಗ್ರಾಮಸಭೆಯ ಠರಾವಿಗೆ ಹಾಕಬೇಕು. ಮೂರನೆಯದು, ಬಂಜರು ಎಂದು ಬರೆದ ಒಂದು ಗುಂಟೆಯನ್ನೂ ಕೇರಿ, ತಾಂಡಾದ ಜನರನ್ನು ಕೂಡಿಸಿ ಕೇಳದೆ ಯಾವ ಕಂಪನಿಗೂ ಕೊಡಬಾರದು. ನಾಲ್ಕನೆಯದು, 1969ರ ನಿಯಮದ ಆ ಅರ್ಧ ಎಲ್ಲಿ ಹೋಯಿತು ಎಂದು ತಾಲೂಕುವಾರು ಲೆಕ್ಕ ಕೊಡಬೇಕು. ಆಳಂದ, ಅಫಜಲಪುರ, ಜೇವರ್ಗಿ ಮೂರರಿಂದಲೇ ಶುರು ಮಾಡ್ರಿ.

ಇದರಿಂದ ಎರಿ ಭೂಮಿಯ ಪ್ರಶ್ನೆ ಮುಗಿಯಿತು ಎಂದು ಯಾವ ಧಣಿಯೂ ನೆಮ್ಮದಿಯಿಂದ ಮಲಗುವುದು ಬ್ಯಾಡ. ತಗ್ಗಿನ ಮಣ್ಣೂ ಮಡ್ಡಿಯಿಂದಲೇ ಇಳಿದು ಬಂದದ್ದು. ಅದರ ಲೆಕ್ಕ ಬೇರೆ ಕೂತು ಕೇಳುತ್ತೇವೆ.

ಕುಳುವಾಡಿ ತಲೆಯ ಮೇಲೆ ಹೆಂಟೆ ಹೊತ್ತು ನಡೆದದ್ದು ಧಣಿಯ ಗಡಿಗಾಗಿ. ಅವನ ಮೊಮ್ಮಕ್ಕಳು ಈ ಸಲ ತಮ್ಮ ಗಡಿಗಾಗಿ ನಡೆಯುತ್ತಾರೆ. ತಹಸೀಲ್ದಾರ ಸಾಹೇಬರು ಸರ್ವೆದಾರನನ್ನು ಕಳಿಸಿದರೆ ಛಲೋ. ಕಳಿಸದಿದ್ದರೆ ಹಾಳೆ ನಮ್ಮ ಹತ್ತಿರನೂ ಅದ, ಪೆನ್ನೂ ಅದ, ದಾರಿ ಗೊತ್ತಿದ್ದ ಕಾಲು ಮೊದಲಿನಿಂದಲೂ ನಮ್ಮವೇ ಅವ.